ಅಡುಗೆಮನೆ ಕಬೋರ್ಡ್: ದರಪಟ್ಟಿಯಲ್ಲಿ ಹಲಗೆ ಯಾವುದೆಂದು ಬರೆಯಲಿ

ಮಾನ್ಯರೇ,

ಮಳೆ ಬಿಡುತ್ತಿದ್ದಂತೆ ನಿಂತ ಮನೆ ಕೆಲಸಗಳು ಮತ್ತೆ ಶುರುವಾಗುತ್ತವೆ. ಫ್ಯಾಕ್ಟರಿಯಲ್ಲಿ ಮಾಡಿದ ಬಾಕ್ಸುಗಳನ್ನು ತಂದು ಜೋಡಿಸುವ ಮಾಡ್ಯುಲರ್ ಕಿಚನ್ ಅಂಗಡಿಯವರು 'ಒಂದು ಅಡಿಗೆ ಇಷ್ಟು' ಎಂದು ಒಂದೇ ಸಾಲಿನ ದರಪಟ್ಟಿ ಕೊಡುತ್ತಾರೆ. ಮರಗೆಲಸದವರಾದ ನಾವೂ ಅಡಿ ಲೆಕ್ಕವನ್ನೇ ಹೇಳುತ್ತೇವೆ. ಒಳಗಿನ ಬಾಕ್ಸ್ ಯಾವ ಹಲಗೆಯದು ಎಂಬುದು ಬಹಳ ಸಲ ಎರಡರಲ್ಲೂ ಇರುವುದಿಲ್ಲ. ಫ್ಯಾಕ್ಟರಿಯದೋ ಬಡಗಿಯದೋ ಎಂದು ತೀರ್ಮಾನಿಸುವ ಮೊದಲು ಕೇಳಬೇಕಾದದ್ದು ಅದನ್ನೇ.

ಕಡೂರು, ಅರಸೀಕೆರೆಯ ಒಣ ಹವೆಯಲ್ಲಿ ಹೇಗೋ ನಡೆದುಹೋಗುವ ಪಾರ್ಟಿಕಲ್ ಬೋರ್ಡ್ ಮೂಡಿಗೆರೆ, ಕೊಪ್ಪ, ಸಕಲೇಶಪುರದಲ್ಲಿ ಸಿಂಕ್ ಕೆಳಗೆ ಬಾಳುವುದಿಲ್ಲ. ಅದು ಮರದ ಚೂರಿಗೆ ಅಂಟು ಕಲೆಸಿ ಒತ್ತಿದ ಹಲಗೆ. ಪೈಪಿಗೆ ತೂತು ಕೊರೆದ ಕಡೆ ಅಂಚಿಗೆ ಪಟ್ಟಿ ಇರುವುದಿಲ್ಲ; ನೀರು ಅಲ್ಲಿಂದಲೇ ಒಳಗಿಳಿಯುತ್ತದೆ. ಮೊದಲು ಬುಡ ಉಬ್ಬುತ್ತದೆ, ಮೇಲೆ ಅಂಟಿಸಿದ ಲ್ಯಾಮಿನೇಟ್ ಹಾಳೆ ಬಾಯಿ ಬಿಡುತ್ತದೆ, ಆಮೇಲೆ ಬೆರಳಲ್ಲಿ ಉಜ್ಜಿದರೆ ಹೊಟ್ಟಿನಂತೆ ಉದುರುತ್ತದೆ. ಒಣಗಿದರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಹಿಂಜಸ್ ಸ್ಕ್ರೂ ಒಮ್ಮೆ ಕಿತ್ತರೆ ಅದೇ ತೂತಿನಲ್ಲಿ ಮತ್ತೆ ಕಚ್ಚುವುದೂ ಇಲ್ಲ. ಹಾಗಾಗಿ ಸ್ಲ್ಯಾಬಿನ ಕೆಳಗಿನ ಬಾಕ್ಸುಗಳಿಗೆ ಐಎಸ್ 710 (ನೀರು ತಡೆಯುವ ಮೆರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆಯ 18 ಮಿ.ಮೀ. ಪ್ಲೈವುಡ್ಡೇ ಬೇಕು. 72 ಗಂಟೆ ಕುದಿಸಿದರೂ ಪದರ ಬಿಡಬಾರದೆಂಬುದು ಅದರ ಪರೀಕ್ಷೆ. 'ವಾಟರ್‌ಪ್ರೂಫ್' ಎಂಬ ಬಾಯಿಮಾತು ಸಾಲದು. ಮುದ್ರೆಯನ್ನು ಹಲಗೆ ಕೊಯ್ಯುವ ಮೊದಲೇ ನೋಡಿಕೊಳ್ಳಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಕಾಣುವುದಿಲ್ಲ.

ಫ್ಯಾಕ್ಟರಿ ಕೆಲಸದಲ್ಲಿ ಮೆಚ್ಚಬೇಕಾದ್ದು ಅಂಚಿನ ಪಟ್ಟಿ. ಯಂತ್ರದಲ್ಲಿ ಬಿಸಿ ಅಂಟಿನಿಂದ ಕೂರಿಸಿದ 2 ಮಿ.ಮೀ. ಪಿವಿಸಿ ಪಟ್ಟಿಯ ಗಟ್ಟಿತನ ಕೈಯಲ್ಲಿ ಅಂಟಿಸಿದ್ದಕ್ಕೆ ಬರುವುದಿಲ್ಲ. ಆದರೆ ಬಾಕ್ಸಿನ ಅಗಲ ಸಾಮಾನ್ಯವಾಗಿ 300, 450, 600, 900 ಮಿ.ಮೀ. ಎಂದು ಮೊದಲೇ ನಿಗದಿ. ಹಳೆ ಹೆಂಚಿನ ಮನೆಗಳ ಗೋಡೆ ಮೂಲೆಮಟ್ಟಕ್ಕಿರುವುದು ಅಪರೂಪ. ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ ಓರೆಯಾಗಿ ಅಳೆಯಿರಿ. ಮೂಲೆ ಸರಿಯಿದ್ದರೆ 5 ಅಡಿ ಬರಬೇಕು. ಅದಕ್ಕಿಂತ ಕಾಲು ಇಂಚು ಆಚೀಚೆ ಬಂದರೆ, ಇಲ್ಲವೇ ಕಡಪ ಕಲ್ಲು ಆಗಲೇ ಕೂತಿದ್ದರೆ, ಸ್ಥಳದಲ್ಲೇ ಮಾಡಿಸುವುದು ಮೇಲು. ಇಲ್ಲವಾದರೆ ಉಳಿದ ಸಂದಿಗೆಲ್ಲ ತುಂಡು ಪಟ್ಟಿ ಬಡಿಯುತ್ತಾರೆ, ಜಿರಲೆ ಅಲ್ಲೇ ಮನೆ ಮಾಡುತ್ತದೆ. ಅಳತೆ ಮಾತ್ರ ಟೈಲ್ಸ್ ಕೂರಿಸಿದ ಮೇಲೆಯೇ ಆಗಬೇಕು.

ತೋಟದ ಸಿಲ್ವರ್ ಓಕ್ ಇದೆಯೆಂದು ಮಳೆಗಾಲದಲ್ಲಿ ಹಸಿ ಹಲಗೆಯಲ್ಲೇ ಬಾಗಿಲು ಮಾಡಿಸಬೇಡಿ. ಮಾರ್ಚ್ ಹೊತ್ತಿಗೆ ಕುಗ್ಗಿ ಸಂದು ಬಿಡುತ್ತದೆ, ಸೊಟ್ಟಗಾಗುತ್ತದೆ. ಯಾರೇ ಮಾಡಲಿ, ಬಾಕ್ಸ್ ನೆಲಕ್ಕೆ ತಾಗದೆ 100 ಮಿ.ಮೀ. ಪಿವಿಸಿ ಕಾಲಿನ ಮೇಲೆ ನಿಲ್ಲಲಿ. ಇರಚಲು ಹೊಡೆಯುವ ಗೋಡೆಯ ಕಡೆ ಹಿಂದೆ ಒಂದಿಂಚು ಸಂದು ಇರಲಿ. ಸಿಲಿಂಡರ್ ಒಳಗಿಡುವುದಾದರೆ ಬಾಗಿಲಿನ ಬುಡದಲ್ಲಿ ಗಾಳಿ ಕಿಂಡಿ ಬೇಕೇ ಬೇಕು: ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ತಂಗುತ್ತದೆ.

ಹಲಗೆ ಯಾವುದು, ದಪ್ಪ ಎಷ್ಟು, ಐಎಸ್ ಸಂಖ್ಯೆ ಯಾವುದು, ಅಂಚುಪಟ್ಟಿ ಎಷ್ಟು ಮಿ.ಮೀ., ಹಿಂಜಸ್ ಯಾವ ಕಂಪನಿಯದು, ಇಷ್ಟನ್ನು ಅಂಗಡಿಯವರೂ ನಮ್ಮ ಕೆಲಸದವರೂ ದರಪಟ್ಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಬೇಕು. ಆ ಚೀಟಿ ಕೈಗೆ ಬರುವವರೆಗೆ ಮನೆಯವರು ಮುಂಗಡ ಕೊಡಬಾರದು.

– ಮರಗೆಲಸದವರು, ಚಿಕ್ಕಮಗಳೂರು