ಕಿವಿಗಾಗಿ ಹುಟ್ಟಿದ ಪುಸ್ತಕಗಳು

ಪ್ರಿಯ ಗೆಳೆಯ,

ನಾಟಕ, ಮಕ್ಕಳಿಗೆ ಓದಿ ಹೇಳುವ ಕಥೆ, ಕ್ರೈಸ್ತ ನಂಬಿಕೆಯ ಪುಸ್ತಕ, ಮೂರನ್ನೂ ಒಟ್ಟಿಗೆ ಹಿಡಿಯಬೇಕು ಅಂತ ಹೊರಟಿದ್ದೀಯ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ನೋಡೋಕೆ ಮೂರಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತೆ. ಆದರೆ ಈ ಮೂರೂ ಹುಟ್ಟಿದ್ದು ಕಿವಿಗಾಗಿ. ಕಾದಂಬರಿಯ ಹಾಗೆ ಬರೀ ಕಣ್ಣಾಡಿಸಿದರೆ ಸಪ್ಪೆ ಅನ್ನಿಸುತ್ತವೆ, ಅರ್ಧಕ್ಕೇ ಕೈಬಿಟ್ಟುಹೋಗುತ್ತವೆ. ಗಟ್ಟಿಯಾಗಿ ಓದು. ಬೇರೇನೂ ನೆನಪಿಡದಿದ್ದರೂ ಇದೊಂದನ್ನು ಮರೆಯಬೇಡ.

ಮೊದಲು ಹುಡುಕುವ ವಿಚಾರ. ಡ್ಯೂಯಿ ಕ್ರಮದಲ್ಲಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು, ಪುಸ್ತಕ ಜೋಡಿಸಿದ ಗ್ರಂಥಾಲಯವಾದರೆ ಸಾಹಿತ್ಯ 800ರ ಸಾಲಿನಲ್ಲಿರುತ್ತದೆ, ಕನ್ನಡಕ್ಕೆ 894.814. ಭಾಷೆಯ ಸಂಖ್ಯೆ ಆದಮೇಲೆ 1 ಇದ್ದರೆ ಕಾವ್ಯ, 2 ಇದ್ದರೆ ನಾಟಕ, 3 ಇದ್ದರೆ ಕಥೆ, ಕಾದಂಬರಿ. ಬೈಬಲ್ 220ರಲ್ಲಿ, ಕ್ರೈಸ್ತ ದೇವತಾಶಾಸ್ತ್ರ 230ರಲ್ಲಿ, ಧ್ಯಾನಕ್ಕೆ ಒದಗುವ ಪುಸ್ತಕಗಳು 242ರಲ್ಲಿ. ಹೊಸಬರು ನೇರ 230ಕ್ಕೆ ಹೋಗಿ, ವಾದವಿವಾದದಲ್ಲಿ ಸಿಕ್ಕಿಬಿದ್ದು ಸುಸ್ತಾಗುತ್ತಾರೆ. ನೀನು 220ರಲ್ಲಿ ಶುರು ಮಾಡು.

ಈಗ ನಾಟಕ. ಮುದ್ರಿತ ನಾಟಕ ಅಂದರೆ ಆಟ ಮುಗಿದ ಮೇಲೆ ಉಳಿದ ಜಾಡು ಅಂತ ತಿಳಿದುಕೋ. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. ಅವನ 36 ನಾಟಕಗಳನ್ನು ಸಹನಟರು ಒಟ್ಟುಮಾಡಿ ಅಚ್ಚು ಹಾಕಿಸಿದ್ದು 1623ರಲ್ಲಿ. ಅವುಗಳಲ್ಲಿ ಅರ್ಧದಷ್ಟು ಅಲ್ಲಿಯವರೆಗೆ ಅಚ್ಚೇ ಆಗಿರಲಿಲ್ಲ! ಅವು ರಂಗದ ಮೇಲಿದ್ದವು, ಅಷ್ಟೆ.

ಹಾಗಾಗಿ ಓದುವಾಗ ರಂಗವನ್ನು ನೀನೇ ಕಟ್ಟಿಕೊಳ್ಳಬೇಕು. ಒಂದು ಹಾಳೆಯ ಮೇಲೆ ಚೌಕ ಬರೆದು, ಬಾಗಿಲು ಎಲ್ಲಿ, ಕುರ್ಚಿ ಎಲ್ಲಿ ಅಂತ ಗುರುತು ಹಾಕು. ಒಂದೊಂದು ಪಾತ್ರಕ್ಕೆ ಒಂದೊಂದು ಅಂಗಿಗುಂಡಿ. ಪಾತ್ರ ಬಂದಾಗ ಗುಂಡಿಯನ್ನು ಒಳಗಿಡು, ಹೋದಾಗ ತೆಗೆ. ಮಕ್ಕಳಾಟ ಅನ್ನಿಸಬಹುದು, ಆದರೆ ಇದರಿಂದ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಮೂರು ಪುಟದಿಂದ ಬಾಯಿ ಬಿಡದೆ ಅಲ್ಲೇ ನಿಂತಿರುವ ಪಾತ್ರ. ಪುಟದ ಮೇಲೆ ಮಾತಾಡುವವರ ಹೆಸರು ಮಾತ್ರ ಕಾಣುತ್ತದೆ. ಮೌನವಾಗಿ ಕೇಳಿಸಿಕೊಳ್ಳುತ್ತಿರುವವನು ಕಾಣುವುದಿಲ್ಲ. ಎಷ್ಟೋ ನಾಟಕಗಳ ಕೀಲು ಇರುವುದೇ ಅಲ್ಲಿ.

ಇನ್ನು ಮಾತು. 'ಬಾಗಿಲು ಹಾಕು' ಅನ್ನುವ ಎರಡು ಪದ ತಗೋ. ಚಳಿಗೆ ಹೇಳಿದ್ದೋ, ಹೆದರಿಕೆಗೋ, ಗುಟ್ಟು ಹೇಳಬೇಕಾಗಿಯೋ? ನಾಟಕಕಾರ ಬರೆದಿರುವುದಿಲ್ಲ. ಮೂರು ಥರ ಹೇಳಿ ನೋಡು, ಮುಂದಿನ ಮಾತಿಗೆ ಯಾವುದು ಕೂಡಿಕೊಳ್ಳುತ್ತದೋ ಅದೇ ಸರಿ. ಮುನ್ನುಡಿ ಮಾತ್ರ ಕೊನೆಗಿರಲಿ, ಅದು ಕಥೆಯನ್ನೆಲ್ಲ ಬಿಟ್ಟುಕೊಟ್ಟುಬಿಡುತ್ತದೆ. ಮೊದಲಿಗೆ 30-40 ಪುಟದ ಏಕಾಂಕ ತಗೊಂಡು ಒಂದೇ ಸಲ ಕೂತು ಮುಗಿಸು. ದಿನಕ್ಕೆ ನಾಲ್ಕು ಪುಟದಂತೆ ಓದಿದರೆ ಯಾರು ಯಾರಿಗೆ ಏನಾಗಬೇಕು ಅನ್ನುವುದೇ ಮರೆತುಹೋಗುತ್ತದೆ. ಐದಾರು ಜನ ಸೇರಿದರೆ ಇನ್ನೂ ಚೆನ್ನ. ರಂಗಸೂಚನೆ ಓದುವುದಕ್ಕೇ ಒಬ್ಬರಿರಲಿ, ಮತ್ತು ಒಬ್ಬರಿಗೇ ಎರಡು ಪಾತ್ರ ಕೊಡುವಾಗ ಆ ಎರಡು ಪಾತ್ರ ಎದುರುಬದುರು ಆಗದಂತೆ ಮೊದಲೇ ನೋಡಿಕೋ.

ಮಕ್ಕಳ ಪುಸ್ತಕ ಆರಿಸುವುದು ನಾಟಕ ಆರಿಸುವುದಕ್ಕಿಂತ ಕಷ್ಟ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆಯನ್ನು ಮಡಚಿದರೆ 8, 16, 32 ಹೀಗೆ ಪುಟಗಳು ಬರುವುದರಿಂದ ಈ ಲೆಕ್ಕ. ಅಷ್ಟರೊಳಗೆ ಕಥೆ ಹೇಳಬೇಕಾದವರಿಗೆ ದೊಡ್ಡ ಆಯುಧವೆಂದರೆ ಪುಟ ತಿರುಗಿಸುವ ಗಳಿಗೆ. ಒಳ್ಳೆಯ ಪುಸ್ತಕದಲ್ಲಿ ಬಲಗಡೆ ಪುಟದ ಕೊನೆಯ ಸಾಲು ಪ್ರಶ್ನೆಯನ್ನು ಹುಟ್ಟುಹಾಕಿ ನಿಲ್ಲುತ್ತದೆ, ಉತ್ತರ ತಿರುಗಿಸಿದ ಮೇಲೆ. ಕೊಳ್ಳುವ ಮೊದಲು ಅದೊಂದನ್ನು ಪರೀಕ್ಷಿಸು.

ಓದುವಾಗ ಪುಸ್ತಕವನ್ನು ಎದೆಯ ಮುಂದಲ್ಲ, ಪಕ್ಕಕ್ಕೆ, ಮಕ್ಕಳ ಕಣ್ಣಿನ ಮಟ್ಟಕ್ಕೆ ಹಿಡಿ. ಕೈ ಕೆಳಗಿನ ಅಂಚಿನಲ್ಲಿರಲಿ, ಇಲ್ಲದಿದ್ದರೆ ಬೆರಳೇ ಚಿತ್ರ ಮುಚ್ಚುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂರಬೇಡ. ಬೆಳಕು ಮಕ್ಕಳ ಕಣ್ಣಿಗೆ ಹೊಡೆದು ಪುಟ ಕಪ್ಪಾಗಿ ಕಾಣುತ್ತದೆ, ಹಿಂದಿನ ಸಾಲಿನವು ಗದ್ದಲ ಶುರು ಮಾಡುತ್ತವೆ. ಮೂರರಿಂದ ಐದು ವರ್ಷದವರಿಗೆ 20 ನಿಮಿಷ, ಎರಡು ಅಥವಾ ಮೂರು ಪುಸ್ತಕ ಸಾಕು. ಉದ್ದದ್ದು ಮೊದಲು, ದನಿಗೂಡಿಸುವಂಥದ್ದು ಕೊನೆಗೆ. ಪುಟಪುಟಕ್ಕೂ 'ಇದೇನು, ಅದೇನು' ಅಂತ ಕೇಳಿದರೆ ಕಥೆಯ ಎಳೆ ಕಡಿದುಹೋಗುತ್ತದೆ. ಕೊನೆಯ ಪುಟ ತಿರುಗಿಸುವ ಮುಂಚೆ ಒಂದೇ ಪ್ರಶ್ನೆ ಸಾಕು. ಮುಗಿದ ಮೇಲೆ ನೀತಿ ಹೇಳಿಸಬೇಡ. ಮತ್ತೆ ಓದು ಅಂದರೆ ಮತ್ತೆ ಓದು, ಒಂದು ಪದವನ್ನೂ ಬದಲಿಸದೆ. ಮುಂದೆ ಏನು ಬರುತ್ತದೆ ಅಂತ ಗೊತ್ತಿರುವುದೇ ಅವರ ಖುಷಿ.

ಈ ಖುಷಿ ಬೈಬಲಿನಲ್ಲೂ ಇದೆ. ಅದರಲ್ಲಿ ಕೀರ್ತನೆಗಳು ಅನ್ನುವ ಹಾಡುಗಳ ಪುಸ್ತಕವಿದೆ, ಅದರ 136ನೆಯ ಕೀರ್ತನೆ ತೆಗೆ: 26 ವಚನ, ಒಂದೊಂದರ ಕೊನೆಗೂ ಅದೇ ಪಲ್ಲವಿ. ಒಬ್ಬರೇ ಮನಸ್ಸಿನಲ್ಲಿ ಓದಿದರೆ ಬೇಸರ. ಒಬ್ಬರು ಮೊದಲರ್ಧ ಓದಿ ಉಳಿದವರು ಪಲ್ಲವಿ ಹೇಳಿದರೆ ಅದು ಯಾಕೆ ಹಾಗಿದೆ ಅಂತ ತಾನೇ ತಿಳಿಯುತ್ತದೆ. 150 ಕೀರ್ತನೆಗಳಲ್ಲೂ ಪ್ರಾಸಕ್ಕಿಂತ ಮುಖ್ಯವಾದದ್ದು ಪ್ರತಿಧ್ವನಿ: ಮೊದಲರ್ಧ ಹೇಳಿದ್ದನ್ನು ಎರಡನೆಯರ್ಧ ಬೇರೆ ಮಾತಿನಲ್ಲಿ ಹೇಳುತ್ತದೆ, ಇಲ್ಲವೇ ತಿರುಗಿಸಿ ಹೇಳುತ್ತದೆ. ನಡುವೆ ಒಂದು ಉಸಿರು ನಿಲ್ಲು. ಎಲ್ಲವೂ ಸಮಾಧಾನದ ಹಾಡುಗಳೂ ಅಲ್ಲ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ. ನೊಂದವರಿಗೆ ಮೊದಲು ಅದನ್ನು ತೋರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದ ಸಾಲಾಗಿ ಹೊರಟವರು ಹೆಚ್ಚಾಗಿ ಮೂರನೆಯದಾದ ಯಾಜಕಕಾಂಡದಲ್ಲಿ ನಿಂತುಬಿಡುತ್ತಾರೆ, ಕಥೆ ಹೋಗಿ ಬಲಿಯ ವಿಧಿಗಳು ಬರುತ್ತವೆ ನೋಡು. ಬೈಬಲ್ ಒಂದು ಪುಸ್ತಕವಲ್ಲ, ಪುಸ್ತಕಗಳ ಕಪಾಟು: ಪ್ರೊಟೆಸ್ಟೆಂಟರ ಪ್ರತಿಯಲ್ಲಿ 66, ಕ್ಯಾಥೊಲಿಕರದರಲ್ಲಿ 73. ಎಲ್ಲಿಂದ ಬೇಕಾದರೂ ತೆಗೆಯಬಹುದು. ಮಾರ್ಕನ ಸುವಾರ್ತೆ ತೆಗೆ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ, ಗಟ್ಟಿಯಾಗಿ ಓದಿದರೆ ಸುಮಾರು ಒಂದೂವರೆ ಗಂಟೆ. 'ಕೂಡಲೇ' ಅನ್ನುವ ಅರ್ಥದ ಗ್ರೀಕ್ ಪದ ಅದರಲ್ಲಿ ಸುಮಾರು 40 ಸಲ ಬರುತ್ತದೆ, ಕಥೆ ಓಡುತ್ತಲೇ ಇರುತ್ತದೆ. ವಚನಸಂಖ್ಯೆಗಳ ಹತ್ತಿರ ತಡವರಿಸಬೇಡ, ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಗೆ ಈಗಿನ ಸಂಖ್ಯೆ ಸೇರಿದ್ದು 1551ರಲ್ಲಿ. ಕೊನೆಯ ಅಧ್ಯಾಯದ 9ರಿಂದ 20ರವರೆಗಿನ ವಚನಗಳು ತೀರ ಹಳೆಯ ಹಸ್ತಪ್ರತಿಗಳಲ್ಲಿಲ್ಲ. ಒಮ್ಮೆ 8ಕ್ಕೇ ನಿಲ್ಲಿಸಿ ನೋಡು, ಹೆಂಗಸರು ಹೆದರಿ ಯೇಸುವಿನ ಸಮಾಧಿಯಿಂದ ಓಡಿಹೋಗುವಲ್ಲಿಗೆ.

ಆಮೇಲೆ ಹಳೆಯ ಕಾಲದ ಕ್ರೈಸ್ತ ಬಿಷಪ್ ಅಗಸ್ಟೀನನ ಆತ್ಮಕಥನ. ಒಟ್ಟು 13 ಭಾಗ, ಇಡೀ ಪುಸ್ತಕ ದೇವರೊಂದಿಗೆ ಆಡಿದ ಮಾತು. ಬದುಕಿನ ಕಥೆ 9ಕ್ಕೆ ಮುಗಿಯುತ್ತದೆ. ಮುಂದಿನದು ನೆನಪು, ಕಾಲ, ಸೃಷ್ಟಿಯ ಚಿಂತನೆ. ಮೊದಲ ಓದಿಗೆ 9ರಲ್ಲಿ ನಿಂತರೆ ತಪ್ಪೇನಿಲ್ಲ. 6ನೆಯದರಲ್ಲಿ ಬಿಷಪ್ ಆಂಬ್ರೋಸ್ ದನಿ ತೆಗೆಯದೆ ಓದುತ್ತಿದ್ದುದನ್ನು, ಯಾಕೆ ಹಾಗೆ ಓದುತ್ತಿದ್ದಿರಬಹುದು ಅಂತ ಯೋಚಿಸಿ ಅಗಸ್ಟೀನ ಬರೆದಿಟ್ಟಿದ್ದಾನೆ.

ಇಷ್ಟಕ್ಕೂ ಪುರುಸೊತ್ತಿಲ್ಲ ಅಂದರೆ ಫಿಲೆಮೋನ ಅನ್ನುವ ಒಡೆಯನಿಗೆ ಯೇಸುವಿನ ಪ್ರೇಷಿತ ಪೌಲ ಬರೆದ, ಬೈಬಲಿನಲ್ಲೇ ಇರುವ ಪತ್ರವನ್ನಾದರೂ ಇವತ್ತು ರಾತ್ರಿ ಓದು, 25 ವಚನ, ನಾಲ್ಕೈದು ನಿಮಿಷ. ಒಡೆಯನಿಂದ ದೂರವಾಗಿದ್ದ ದಾಸ ಒನೇಸಿಮನನ್ನು ಪೌಲ ಹಿಂದಕ್ಕೆ ಕಳಿಸುತ್ತಿದ್ದಾನೆ. ಇನ್ನು ದಾಸನಾಗಿ ಅಲ್ಲ, ಸಹೋದರನಾಗಿ ಸೇರಿಸಿಕೋ, ಸಾಲವಿದ್ದರೆ ನನ್ನ ಲೆಕ್ಕಕ್ಕೆ ಹಾಕು ಅಂತ ಕೇಳುತ್ತಾನೆ. ಎರಡನೆಯ ವಚನ ನೋಡು: ಪತ್ರ ಒಡೆಯನೊಬ್ಬನಿಗೇ ಅಲ್ಲ, ಅವನ ಮನೆಯಲ್ಲಿ ಕೂಡುವ ಸಭೆಗೂ ಬರೆದದ್ದು. ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದುವಾಗ ಫಿಲೆಮೋನ ಅಲ್ಲೇ ಕೂತಿರುತ್ತಾನೆ. ಅವನು ಏನಂದ ಅನ್ನುವುದು ಪತ್ರದಲ್ಲಿಲ್ಲ.

ಇಂತಿ,
ನಿನ್ನ ಗೆಳೆಯ