ಕೂಪನ್ ಬೇಡ, ಬ್ಯಾಚ್ ನಂಬರ್ ಬರ್ಕೊಳ್ಳಿ

ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ,
(ಕಸ್ಟಮರ್ ಕೇರ್‌ನವರೇ, ದಯವಿಟ್ಟು ಇದನ್ನ ಮುಂದಕ್ಕೆ ಕಳಿಸಿ, ನೀವೇ ಉತ್ತರ ಬರೆದು ಟಿಕೆಟ್ ಕ್ಲೋಸ್ ಮಾಡ್ಬೇಡಿ)

ವಿಷಯ: "ಮೂರು ಸಲ ತೊಳೆದದ್ದು, ನೇರವಾಗಿ ತಿನ್ನಬಹುದು" ಅಂತ ಬರೆದಿರೋ ನಿಮ್ಮ ಸಲಾಡ್ ಸೊಪ್ಪಿನ ಡಬ್ಬಿಯಲ್ಲಿ ಹಕ್ಕಿ ಪುಕ್ಕ ಮತ್ತು ಲೋಳೆ ಸಿಕ್ಕಿದ್ದು, ಅದಕ್ಕೆ ನೀವು ಕೊಟ್ಟ ಉತ್ತರ

ನಮಸ್ಕಾರ,

ಇದು ನನ್ನ ನಾಲ್ಕನೇ ದೂರು. ಮೊದಲನೇದು ಚಾಟ್‌ನಲ್ಲಿ, ಎರಡನೇದು ಫೋನಲ್ಲಿ, ಮೂರನೇದು ಮೇಲ್‌ನಲ್ಲಿ ಮಾಡಿದ್ದೆ, ಮೂರಕ್ಕೂ ಬೇರೆ ಬೇರೆ ಟಿಕೆಟ್ ನಂಬರ್ ಬಂತು, ಮೂರೂ "ಪರಿಹರಿಸಲಾಗಿದೆ" ಅಂತ ಮುಚ್ಚಿಹೋಗಿವೆ. ಏನು ಪರಿಹಾರ ಆಯ್ತು ಅಂತ ನನಗಂತೂ ಗೊತ್ತಾಗಿಲ್ಲ, ಅದಕ್ಕೇ ಮೊದಲಿಂದ ಕೂತು ಬರೀತಾ ಇದೀನಿ, ಉದ್ದ ಆಗುತ್ತೆ, ಪೂರ್ತಿ ಓದಿ.

ನಾನು ತಗೊಂಡಿದ್ದು ನಿಮ್ಮ ಮಿಕ್ಸ್ ಸಲಾಡ್ ಸೊಪ್ಪಿನ ಡಬ್ಬಿ, ಲೆಟ್ಯೂಸ್, ಎಳೆ ಪಾಲಕ್, ಇನ್ನೆರಡು ಥರದ ಎಲೆ ಸೇರಿಸಿ ಕೊಡ್ತೀರಲ್ಲ ಅದು. ಅಂಗಡಿಯಲ್ಲಿ ತಣ್ಣಗಿನ ಶೆಲ್ಫಿಂದಾನೇ ತಗೊಂಡೆ, ನೇರ ಮನೆಗೆ ತಂದು ಫ್ರಿಜ್‌ಗೆ ಇಟ್ಟೆ, ಎಕ್ಸ್‌ಪೈರಿಗೆ ಇನ್ನೂ ನಾಲ್ಕು ದಿನ ಇತ್ತು. ಇದನ್ನ ಮುಂಚೆನೇ ಹೇಳಿಬಿಡ್ತೀನಿ, ಯಾಕಂದ್ರೆ ಫೋನಲ್ಲಿ ಸಿಕ್ಕವರು ಮೊದಲು ಕೇಳಿದ್ದೇ "ಸರ್ ನೀವು ಹೊರಗಡೆ ಇಟ್ಟಿದ್ರಾ" ಅಂತ. ಇಲ್ಲ, ಇಟ್ಟಿರಲಿಲ್ಲ. ಆವತ್ತು ರಾತ್ರಿ ಅರ್ಧ ಡಬ್ಬಿ ಖಾಲಿ ಆಯ್ತು. ನಾನು ತಿಂದೆ, ನನ್ನ ಮಗ ತಿಂದ, ನಮ್ಮನೆಗೆ ಬಂದಿರೋ ನನ್ನ ತಂಗಿ ನಮ್ಮಿಬ್ಬರಿಗಿಂತ ಜಾಸ್ತಿನೇ ತಿಂದ್ಲು. ಅವಳಿಗೆ ಈಗ ಏಳು ತಿಂಗಳು, ಹಸಿರು ಸೊಪ್ಪು ಒಳ್ಳೇದು ಅಂತ ನಾನೇ ಒತ್ತಾಯ ಮಾಡಿ ಬಡಿಸಿದ್ದೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಮಾರನೇ ದಿನ ಸಂಜೆ ಉಳಿದಿದ್ದನ್ನ ತೆಗೆದ್ವಿ. ಡಬ್ಬಿ ಬುಡದಲ್ಲಿದ್ದ ಎಲೆಗಳು ಕಡು ಹಸಿರಾಗಿ ಒಂದಕ್ಕೊಂದು ಅಂಟ್ಕೊಂಡು ಲೋಳೆ ಲೋಳೆ ಆಗಿದ್ವು, ಬೆರಳಲ್ಲಿ ಎತ್ತಿದ್ರೆ ದಾರದ ಥರ ಎಳೆ ಬರ್ತಿತ್ತು. ಸರಿ ಕೊಳೆತಿದೆ, ಬಿಸಾಕೋಣ ಅಂತ ಒಂದೊಂದೇ ಬೇರೆ ಮಾಡ್ತಿದ್ದಾಗ ಪಕ್ಕದಲ್ಲಿ ನಿಂತಿದ್ದ ಮಗ "ಅಪ್ಪಾ, ಈ ಎಲೆಗೆ ಕೂದಲು ಬಂದಿದೆ" ಅಂದ. ನಾನು ಬೇರು ಇರಬೇಕು ಅಂದ್ಕೊಂಡು ತಿರುಗಿಸಿ ನೋಡಿದ್ರೆ ಪುಕ್ಕ. ಹಕ್ಕಿದು. ಅರ್ಧ ಬೆರಳುದ್ದ, ಬೂದು ಬಣ್ಣ, ಒದ್ದೆಯಾಗಿ ಎಲೆಯ ಹಿಂಭಾಗಕ್ಕೆ ಮೆತ್ಕೊಂಡಿತ್ತು, ಅದರ ಬುಡದಲ್ಲಿ ಒಣಗಿ ಕಪ್ಪಾಗಿರೋ ಏನೋ ಒಂದು ಚೂರು. ಅದು ಮಣ್ಣೋ ಹಿಕ್ಕೆಯೋ ನಾನು ಹೇಳಲಾರೆ, ಹೇಳಬೇಕಾದವರು ನೀವು, ಲ್ಯಾಬ್ ಇರೋದು ನಿಮ್ಮ ಹತ್ರ. ಫೋಟೋ ಐದು ಕಳಿಸಿದೀನಿ, ಎರಡರಲ್ಲಿ ಪುಕ್ಕದ ಪಕ್ಕದಲ್ಲೇ ಡಬ್ಬಿ ಮೇಲಿನ "ಮೂರು ಸಲ ತೊಳೆದದ್ದು" ಅನ್ನೋ ಸಾಲೂ ಕಾಣುತ್ತೆ, ಬೇಕಂತಲೇ ಹಾಗೆ ಇಟ್ಟು ತೆಗೆದೆ.

ಇದಕ್ಕೆ ಚಾಟ್‌ನಲ್ಲಿ ಬಂದ ಉತ್ತರ: ಇದು ಹೊಲದಿಂದ ಬರೋ ನೈಸರ್ಗಿಕ ಪದಾರ್ಥ, ಅಪರೂಪಕ್ಕೆ ಇಂಥದ್ದು ಇರಬಹುದು, ಬಳಸೋ ಮುಂಚೆ ಚೆನ್ನಾಗಿ ತೊಳೆಯಿರಿ, ಅನಾನುಕೂಲಕ್ಕೆ ವಿಷಾದಿಸ್ತೀವಿ, ಮುಂದಿನ ಖರೀದಿಗೆ ಕೂಪನ್ ಕಳಿಸಿದೀವಿ. ಕೂಪನ್ ಯಾವುದಕ್ಕೆ ಅಂತ ತೆಗೆದು ನೋಡಿದ್ರೆ ಅದೇ ಸಲಾಡ್ ಡಬ್ಬಿಗೆ. ನಗು ಬಂತು ನಿಜ ಹೇಳ್ಬೇಕಂದ್ರೆ.

ನೈಸರ್ಗಿಕ ಪದಾರ್ಥ ಅನ್ನೋದು ನನಗೂ ಗೊತ್ತು ಸ್ವಾಮಿ. ಹೊಲದಲ್ಲಿ ಹಕ್ಕಿ ಬರುತ್ತೆ, ಹುಳ ಇರುತ್ತೆ, ಮಣ್ಣಿರುತ್ತೆ. ಬೇರು ಸಮೇತ ಕಟ್ಟು ಸೊಪ್ಪು ತಂದಿದ್ರೆ ನಾನೇ ಬಿಡಿಸ್ತಿದ್ದೆ, ನಾಲ್ಕು ನೀರಲ್ಲಿ ತೊಳೀತಿದ್ದೆ, ಪುಕ್ಕ ಸಿಕ್ಕಿದ್ರೆ ತೆಗೆದು ಬಿಸಾಕಿ ಯಾರಿಗೂ ಹೇಳ್ತಾನೂ ಇರಲಿಲ್ಲ. ನಿಮ್ಮ ಡಬ್ಬಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೇ ಆ ತೊಳೆಯೋ ಕೆಲಸ ನೀವು ಮಾಡಿದೀರಿ ಅಂತ. ಡಬ್ಬಿ ಮೇಲೆ "ನೇರವಾಗಿ ತಿನ್ನಬಹುದು" ಅಂತ ಅಚ್ಚು ಹಾಕಿಸಿ, ದೂರು ಕೊಟ್ಟಾಗ "ತೊಳೆದು ತಿನ್ನಬೇಕಿತ್ತು" ಅಂದ್ರೆ ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ಬರವಣಿಗೆಯಲ್ಲಿ ತಿಳಿಸಿ. ಇನ್ನೊಂದು, ಮನೆಯಲ್ಲಿ ಮತ್ತೆ ತೊಳೆದಿದ್ರೆ ಪುಕ್ಕ ಹೋಗ್ತಿತ್ತು ಅಷ್ಟೇ. ಎಲೆಗೆ ಅಂಟ್ಕೊಂಡಿರೋ ಬ್ಯಾಕ್ಟೀರಿಯಾ ನಲ್ಲಿ ನೀರಿಗೆ ಪೂರ್ತಿ ಹೋಗಲ್ಲ, ಕತ್ತರಿಸಿದ ಅಂಚಲ್ಲಿ, ಎಲೆಯ ಸಣ್ಣ ರಂಧ್ರಗಳಲ್ಲಿ ಸೇರ್ಕೊಂಡಿರುತ್ತೆ. ನಿಮ್ಮ ಫ್ಯಾಕ್ಟರಿಯಲ್ಲಿ ಕ್ಲೋರಿನ್ ನೀರಲ್ಲಿ ತೊಳೆದ್ರೂ ನೂರಕ್ಕೆ 90, ಹೆಚ್ಚಂದ್ರೆ 99 ಹೋಗಬಹುದು, ಉಳಿದದ್ದು ಉಳಿಯುತ್ತೆ. ಆ ಕ್ಲೋರಿನ್ ಇರೋದೇ ಮುಖ್ಯವಾಗಿ ಒಂದು ಎಲೆಯ ಕೊಳೆ ತೊಟ್ಟಿಯ ನೀರಿಗೆ ಇಳಿದು ಮಿಕ್ಕ ಎಲ್ಲ ಎಲೆಗೂ ಹತ್ತದೇ ಇರಲಿ ಅಂತ. ಹಾಗಿರುವಾಗ ಒಂದು ಇಡೀ ಪುಕ್ಕ ಮೂರು ತೊಟ್ಟಿ ದಾಟಿ, ನೀರು ಹಿಂಡೋ ಮೆಷಿನ್ ದಾಟಿ, ಆರಿಸೋ ಬೆಲ್ಟ್ ದಾಟಿ ನನ್ನ ಡಬ್ಬಿಗೆ ಬಂದಿದೆ ಅಂದ್ರೆ, ಆವತ್ತು ಆ ತೊಟ್ಟಿಯಲ್ಲಿ ಕ್ಲೋರಿನ್ ಎಷ್ಟಿತ್ತು, ನೀರು ಯಾವಾಗ ಬದಲಾಯಿಸಿದ್ರಿ ಅಂತ ನಾನು ಕೇಳೋದರಲ್ಲಿ ತಪ್ಪೇನಿದೆ?

ಈಗ ಕಾಯಿಲೆ ವಿಷಯ. ತಿಂದ ನಾಲ್ಕನೇ ದಿನ ಮಗನಿಗೆ ಹೊಟ್ಟೆ ನುಲಿಯೋಕೆ ಶುರುವಾಯ್ತು, ಭೇದಿ, ಒಂದು ಸಲ ಸ್ವಲ್ಪ ರಕ್ತನೂ ಕಾಣಿಸ್ತು. ಒಂಬತ್ತು ವರ್ಷದ ಮಗು, ನಮ್ಮ ಕೈಕಾಲು ತಣ್ಣಗಾಯ್ತು. ಡಾಕ್ಟರ್ ಸಲಾಡ್ ವಿಷಯ ಕೇಳಿದ ತಕ್ಷಣ ಮಲ ಪರೀಕ್ಷೆಗೆ ಕಳಿಸಿದ್ರು, ಆಂಟಿಬಯಾಟಿಕ್ ಬರೆಯಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ಇ.ಕೋಲಿ ಒ157 (ರಕ್ತಭೇದಿ ತರೋ ಒಂದು ಬ್ಯಾಕ್ಟೀರಿಯಾ) ಥರದ್ದೇನಾದ್ರೂ ಆಗಿದ್ರೆ ಆಂಟಿಬಯಾಟಿಕ್‌ನಿಂದ ಕಿಡ್ನಿಗೆ ತೊಂದರೆ ಆಗೋ ಸಾಧ್ಯತೆ ಹೆಚ್ಚಬಹುದು, ಮಕ್ಕಳಿಗೆ ಆ ಅಪಾಯ ಜಾಸ್ತಿ, ರಿಪೋರ್ಟ್ ಬರೋವರೆಗೂ ನೀರು ಕುಡಿಸಿ, ಮೂತ್ರ ಎಷ್ಟು ಹೋಗ್ತಾನೆ ನೋಡ್ಕೊಳ್ಳಿ ಅಂದ್ರು. ಮೂರು ದಿನ ನಾನು ಮಗನ ಹಿಂದೆ ಬಾತ್‌ರೂಮ್ ಬಾಗಿಲಲ್ಲಿ ನಿಂತು ಲೆಕ್ಕ ಬರ್ಕೊಂಡಿದೀನಿ, ಆ ಚೀಟಿ ಇನ್ನೂ ಫ್ರಿಜ್ ಬಾಗಿಲ ಮೇಲೇ ಅಂಟಿದೆ. ದೇವರ ದಯೆ, ರಿಪೋರ್ಟ್‌ನಲ್ಲಿ ಒ157 ಇಲ್ಲ, ಸಾಲ್ಮೊನೆಲ್ಲಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾನೂ ಇಲ್ಲ, ಹುಡುಗ ವಾರದಲ್ಲಿ ಸರಿಹೋದ.

ಹಾಗಾಗಿ ನಿಮ್ಮ ಸೊಪ್ಪಿಂದಲೇ ಅವನಿಗೆ ಹುಷಾರು ತಪ್ಪಿತು ಅಂತ ನಾನು ಹೇಳ್ತಾ ಇಲ್ಲ. ಹೇಳೋಕೆ ನನ್ನ ಹತ್ರ ಸಾಕ್ಷಿ ಇಲ್ಲ. 2011ರಲ್ಲಿ ಜರ್ಮನಿಯಲ್ಲಿ ಇ.ಕೋಲಿ ಹರಡಿ 50ಕ್ಕಿಂತ ಜಾಸ್ತಿ ಜನ ಸತ್ತಾಗ ಮೊದಲು ಸ್ಪೇನ್‌ನ ಸೌತೆಕಾಯಿ ಮೇಲೆ ತಪ್ಪು ಹೊರಿಸಿದ್ರು, ಅಲ್ಲಿನ ರೈತರ ಮಾಲೆಲ್ಲ ಕೊಳೆತು ಹೋಯ್ತು, ಆಮೇಲೆ ನೋಡಿದ್ರೆ ಕಾರಣ ಮೊಳಕೆ ಕಾಳು. ಆ ಥರ ಆಧಾರ ಇಲ್ಲದೆ ಬೆರಳು ತೋರಿಸೋಕೆ ನನಗೆ ಇಷ್ಟ ಇಲ್ಲ. ಸಾಕ್ಷಿ ಹುಡುಕೋ ದಾರಿ ಒಂದೇ ಒಂದು ಇತ್ತು, ಡಬ್ಬಿ ಮೇಲಿನ ಬ್ಯಾಚ್ ನಂಬರ್. ಅದನ್ನ ಹಿಡ್ಕೊಂಡು ಆವತ್ತು ಪ್ಯಾಕ್ ಆದ ಬೇರೆ ಡಬ್ಬಿಗಳನ್ನ ನೀವು ಪರೀಕ್ಷೆ ಮಾಡಬಹುದಿತ್ತು. ನನ್ನ ಅಸಲಿ ಸಿಟ್ಟು ಇಲ್ಲಿದೆ ನೋಡಿ. ಮೂರು ಸಲ ದೂರು ಕೊಟ್ಟೆ. ನಿಮ್ಮವರು ನನ್ನ ಹೆಸರು ಕೇಳಿದ್ರು, ಮೊಬೈಲ್ ನಂಬರ್ ಕೇಳಿದ್ರು, ಬಿಲ್ ಫೋಟೋ ಕೇಳಿದ್ರು, ಫೋನ್ ಇಟ್ಟ ಮೇಲೆ ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ ಅಂತಾನೂ ಕೇಳಿದ್ರು. ಬ್ಯಾಚ್ ನಂಬರ್ ಒಬ್ಬರೂ ಕೇಳಲಿಲ್ಲ. ನಾನಾಗೇ ಹೇಳೋಕೆ ಹೋದ್ರೆ "ಅದು ಬೇಡ ಸರ್, ರೀಫಂಡ್‌ಗೆ ಬಿಲ್ ಸಾಕು" ಅಂದ್ರು.

ರೀಫಂಡ್‌ಗೆ ಸಾಕು, ಸರಿ. ಅದೇ ದಿನ ಅದೇ ಲೈನಲ್ಲಿ ಪ್ಯಾಕ್ ಆದ ಮಿಕ್ಕ ಡಬ್ಬಿಗಳು ಯಾರ್ಯಾರ ಫ್ರಿಜ್‌ನಲ್ಲಿದ್ವು ಅಂತ ಬಿಲ್ಲಿಂದ ಗೊತ್ತಾಗುತ್ತಾ? ಅಮೆರಿಕದಲ್ಲಿ 2006ರಲ್ಲಿ ಪ್ಯಾಕೆಟ್ ಪಾಲಕ್ ತಿಂದು ಸುಮಾರು 200 ಜನಕ್ಕೆ ಒ157 ಬಂತು, ಮೂವರು ತೀರ್ಕೊಂಡ್ರು. ಅಲ್ಲಿ ಮೂಲ ಹೇಗೆ ಸಿಕ್ತು ಅಂದ್ರೆ, ಕಾಯಿಲೆ ಬಿದ್ದವರ ಮನೆಗಳಲ್ಲಿ ಉಳಿದಿದ್ದ ಪ್ಯಾಕೆಟ್ ಮೇಲಿನ ಕೋಡ್ ಓದಿ. ಅದರಿಂದ ಪ್ಯಾಕ್ ಆದ ದಿನ ಸಿಕ್ತು, ಆ ದಿನದ ಸೊಪ್ಪು ಬಂದಿದ್ದ ಕ್ಯಾಲಿಫೋರ್ನಿಯಾದ ಹೊಲಗಳು ಸಿಕ್ವು, ಅದರಲ್ಲೊಂದರ ಆಸುಪಾಸಿನ ದನದ ಸಗಣಿಯಲ್ಲೂ ಕಾಡುಹಂದಿ ಹಿಕ್ಕೆಯಲ್ಲೂ ಅದೇ ತಳಿಯ ಇ.ಕೋಲಿ ಸಿಕ್ತು. ಎಲ್ಲ ಶುರುವಾಗಿದ್ದು ಕಾಯಿಲೆಯವರು ಬಿಸಾಕದೇ ಇಟ್ಟಿದ್ದ ಖಾಲಿ ಪ್ಯಾಕೆಟ್‌ಗಳಿಂದ! 2018ರಲ್ಲಿ ಅದೇ ದೇಶದಲ್ಲಿ ರೋಮೇನ್ ಲೆಟ್ಯೂಸ್‌ನಿಂದ 210 ಜನಕ್ಕೆ ಬಂತು, ಐವರು ಹೋದ್ರು, ಆ ಬೇಸಾಯದ ಕಾಲುವೆ ನೀರಲ್ಲೇ ಆ ಕ್ರಿಮಿ ಸಿಕ್ತು, ಆದ್ರೆ ಸೊಪ್ಪು ಯಾವ ಊರ ಕಡೆ ಬೆಳೆದದ್ದು ಅಂತ ಎಷ್ಟೋ ಪ್ಯಾಕೆಟ್ ಮೇಲೆ ಇರಲೇ ಇಲ್ಲ, ಮನೆಯಲ್ಲಿರೋದನ್ನ ತಿನ್ನಬೇಕೋ ಬಿಸಾಕಬೇಕೋ ಜನಕ್ಕೆ ತಿಳೀಲಿಲ್ಲ. ಇದೆಲ್ಲ ನಿಮಗೆ ನಾನು ಹೇಳ್ಕೊಡಬೇಕಾಗಿಲ್ಲ, ಸೊಪ್ಪು ಮಾರೋ ಕಂಪನಿಯವರು ನನಗಿಂತ ಚೆನ್ನಾಗಿ ತಿಳ್ಕೊಂಡಿರ್ತೀರಿ. ತಿಳ್ಕೊಂಡೂ ಫೋನ್ ಎತ್ತೋ ಹುಡುಗನ ಮುಂದಿರೋ ಫಾರ್ಮ್‌ನಲ್ಲಿ ಬ್ಯಾಚ್ ನಂಬರ್‌ಗೆ ಒಂದು ಖಾನೆ ಇಟ್ಟಿಲ್ಲ. ಆ ಹುಡುಗನದ್ದೇನೂ ತಪ್ಪಿಲ್ಲ ಪಾಪ, ಅವನು ಪರದೆ ಮೇಲೆ ಬಂದಿದ್ದನ್ನ ಓದ್ತಾನೆ.

ತಂಗಿ ವಿಷಯಕ್ಕೆ ಬರ್ತೀನಿ ಅಂದಿದ್ದೆ. ಅವಳಿಗೆ ಇವತ್ತಿನವರೆಗೆ ಏನೂ ಆಗಿಲ್ಲ. ಆದ್ರೆ ಬಸುರಿಯರ ವಿಷಯದಲ್ಲಿ ಡಾಕ್ಟರ್ ಹೆದರೋದು ಇನ್ನೊಂದಕ್ಕೆ, ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾಗೆ. ಅದು ಫ್ರಿಜ್‌ನ ತಣ್ಣನೆಯಲ್ಲೂ ಬೆಳೆಯುತ್ತೆ. ತಾಯಿಗೆ ಬರೀ ಸಣ್ಣ ಜ್ವರ ಮೈಕೈ ನೋವು ಅನ್ನಿಸಬಹುದು, ಹೊಟ್ಟೆಯಲ್ಲಿರೋ ಮಗುವಿಗೆ ಪ್ರಾಣಕ್ಕೇ ಬರಬಹುದು. ತಿಂದು 70 ದಿನದವರೆಗೂ ಕಾಣಿಸ್ಕೊಳ್ಳೋ ಸಾಧ್ಯತೆ ಇದೆಯಂತೆ. ಲಕ್ಷಣ ಇಲ್ಲದೇ ಪರೀಕ್ಷೆ ಮಾಡಿ ಪ್ರಯೋಜನ ಇಲ್ಲ, ಜ್ವರ ಬಂದ್ರೆ ಆ ಕ್ಷಣ ಬನ್ನಿ ಅಂದಿದ್ದಾರೆ. ಇವತ್ತಿಗೆ 19 ದಿನ ಆಯ್ತು. ದಿನಾ ಬೆಳಿಗ್ಗೆ ಅವಳು ಥರ್ಮಾಮೀಟರ್ ಇಟ್ಕೊಂಡು ಕೂರ್ತಾಳೆ, ನಾನು ಏನೂ ಗೊತ್ತಿಲ್ಲದವನ ಥರ ಅಡುಗೆಮನೆಯಿಂದ ಅವಳ ಮುಖ ನೋಡ್ತೀನಿ, ಬಡಿಸಿದ್ದು ನಾನೇ ಅಲ್ವಾ. ಆ ಬ್ಯಾಚ್‌ನಲ್ಲಿ ಲಿಸ್ಟೀರಿಯಾ ಪರೀಕ್ಷೆ ಆಗಿತ್ತು, ಸಿಕ್ಕಿಲ್ಲ ಅಂತ ನೀವು ಒಂದು ಕಾಗದ ತೋರಿಸಿದ್ರೆ ಮನೆಯವರೆಲ್ಲ ನಿದ್ದೆ ಮಾಡ್ತೀವಿ. ಸಿಕ್ಕಿದೆ ಅಂತಾದ್ರೂ ತೋರಿಸಿ, ಆಗ ಡಾಕ್ಟರಿಗೆ ಏನು ಮಾಡಬೇಕು ಅಂತ ಗೊತ್ತಿರುತ್ತೆ. ಎರಡೂ ಇಲ್ಲದೆ ಕೂಪನ್ ಕಳಿಸ್ತೀರಲ್ಲ, ಅದನ್ನ ಇಟ್ಕೊಂಡು ನಾನೇನು ಮಾಡ್ಲಿ?

ನನಗೆ ಬೇಕಾಗಿರೋದು ಇಷ್ಟು. ಈ ಬ್ಯಾಚ್ ಯಾವತ್ತು ಪ್ಯಾಕ್ ಆಯ್ತು, ಎಷ್ಟು ಹೊಲದ ಸೊಪ್ಪು ಅದರಲ್ಲಿ ಸೇರಿತ್ತು, ಆ ದಿನದ ತೊಟ್ಟಿ ನೀರಿನ ದಾಖಲೆ ಏನು ಹೇಳುತ್ತೆ, ಪ್ಯಾಕ್ ಆದ ಮಾಲಿಗೆ ಯಾವ ಯಾವ ಪರೀಕ್ಷೆ ಮಾಡಿದ್ರಿ, ಫಲಿತಾಂಶ ಏನು ಬಂತು, ಫ್ಯಾಕ್ಟರಿಯಿಂದ ಅಂಗಡಿವರೆಗೆ ಲಾರಿ 5 ಡಿಗ್ರಿ ಒಳಗೇ ಇತ್ತಾ (ಎರಡೇ ದಿನಕ್ಕೆ ಆ ಲೋಳೆ ನೋಡಿದ್ರೆ ನನಗೆ ಅನುಮಾನ) ಇವನ್ನ ಲಿಖಿತವಾಗಿ ಕೊಡಿ. ಇದೇ ಬ್ಯಾಚ್ ಬಗ್ಗೆ ಬೇರೆಯವರ ದೂರು ಬಂದಿದ್ರೆ ಅದನ್ನ ಮುಚ್ಚಿಡದೆ ಹೇಳಿ. ಡಬ್ಬಿ ಮೇಲಿನ ಮಾತಿನ ಬಗ್ಗೆನೂ ತೀರ್ಮಾನ ಮಾಡಿ, ನೇರವಾಗಿ ತಿನ್ನಬಹುದು ಅನ್ನೋದನ್ನ ಉಳಿಸ್ಕೊಳ್ತೀರಾದ್ರೆ ಕಸ್ಟಮರ್ ಕೇರ್‌ನವರ ಉತ್ತರದಿಂದ "ತೊಳೆದು ಬಳಸಿ" ಅನ್ನೋ ಸಾಲನ್ನ ತೆಗೆಸಿ. ಏಳು ದಿನ ಕಾಯ್ತೀನಿ. ಅಷ್ಟರಲ್ಲಿ ಉತ್ತರ ಬರದಿದ್ರೆ ಇದೇ ಪತ್ರ, ಫೋಟೋ, ಡಾಕ್ಟರ್ ಚೀಟಿ, ನಿಮ್ಮ ಮೂರು ಮುಚ್ಚಿದ ಟಿಕೆಟ್ ಎಲ್ಲ ಸೇರಿಸಿ ಆಹಾರ ಸುರಕ್ಷತೆ ಅಧಿಕಾರಿಗಳಿಗೆ ಕೊಡ್ತೀನಿ. ಹೆದರಿಸ್ತಾ ಇದೀನಿ ಅಂದ್ಕೋಬೇಡಿ, ಮೊದಲ ದಿನವೇ ಕೊಡಬೇಕಿತ್ತು ಅಂತ ಡಾಕ್ಟರ್ ನನಗೇ ಬೈದಿದ್ದಾರೆ.

ರೀಫಂಡ್ ಬಂದಿದೆ, ಕೂಪನ್ ಬಳಸಿಲ್ಲ, ಬಳಸೋದೂ ಇಲ್ಲ. ಡಬ್ಬಿಯನ್ನ ಪುಕ್ಕ, ಲೋಳೆ, ಉಳಿದ ಎಲೆ ಸಮೇತ ಎರಡು ಕವರ್‌ನಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಇಟ್ಟಿದೀನಿ, ಮೇಲೆ ತಾರೀಖು ಬರೆದಿದೀನಿ, ಬ್ಯಾಚ್ ನಂಬರ್ ಓದೋ ಹಾಗೆ ಕಾಣುತ್ತೆ. ಅರ್ಧ ನಿಮಗೆ ಕೊಡ್ತೀನಿ, ಅರ್ಧ ನನ್ನ ಹತ್ರ ಇರುತ್ತೆ. ಯಾರು ಬರ್ತೀರಿ, ಯಾವತ್ತು ಬರ್ತೀರಿ ಅಂತ ಒಂದು ಫೋನ್ ಮಾಡಿ, ಐಸ್ ಹಾಕಿರೋ ಡಬ್ಬ ತನ್ನಿ.

ಇಂತಿ,
ನಿಮ್ಮ ಗ್ರಾಹಕ
(ಹೆಸರು, ಫೋನ್ ನಂಬರ್ ನಿಮ್ಮ ಮೂರೂ ಟಿಕೆಟ್‌ನಲ್ಲಿದೆ)