ಮೇಲಿನ ಕೋಣೆಯ ಸದ್ದು

ಪ್ರೀತಿಯ ಗೆಳೆಯ,

ಕಳೆದ ಸಲ ಸಿಕ್ಕಾಗ ನನ್ನ ಪುಸ್ತಕದ ಕಪಾಟು ನೋಡಿ ನೀನೊಂದು ಮಾತು ಕೇಳಿದ್ದೆ. "ಅಲ್ಲ ಕಣೋ, ದೆವ್ವ, ಮಾಟ, ಪತ್ತೇದಾರಿ ಎಲ್ಲ ಕಲಸಿದ ಈ ಕಾದಂಬರಿಗಳಲ್ಲಿ ನಿನಗೆ ಅಂಥದ್ದೇನು ಸಿಗುತ್ತೆ?" ಆವತ್ತು ಸುಮ್ನೆ "ಚೆನ್ನಾಗಿರುತ್ತೆ" ಅಂದುಬಿಟ್ಟೆ. ಆ ಉತ್ತರ ನನಗೇ ಸಾಲಲಿಲ್ಲ. ನಾಲ್ಕು ದಿನದಿಂದ ಅದೇ ತಲೆಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ರಾಜರಾಣಿಯರ ಕಾಲದ ಮಾಂತ್ರಿಕ ಕಥೆ ನನ್ನನ್ನು ಅಷ್ಟು ಹಿಡಿದಿಡುವುದಿಲ್ಲ. ಅಲ್ಲಿ ದೆವ್ವ ಬಂತು ಅಂದರೆ ಊರಿಗೆ ಊರೇ ನಂಬುತ್ತದೆ. ಕತ್ತಿ ಹಿಡಿದು ಹೊರಡುವುದಷ್ಟೇ ಬಾಕಿ. ಈಗಿನ ಕಾಲದಲ್ಲಿ ನಡೆಯುವ ಕಥೆಯಲ್ಲಿ ಹಾಗಲ್ಲ. ಲಿಫ್ಟಿನ ಕನ್ನಡಿಯಲ್ಲಿ ತನ್ನ ಪಕ್ಕ ಇನ್ನೊಬ್ಬರು ನಿಂತಿದ್ದನ್ನು ಕಂಡ ಹೆಂಗಸು ಯಾರ ಹತ್ತಿರ ಹೋಗಬೇಕು ಹೇಳು? ಪೊಲೀಸರು ದೂರು ಬರೆದುಕೊಳ್ಳುವುದಿಲ್ಲ. ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಡುತ್ತಾರೆ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕನ್ನಡಿಯಲ್ಲಿ ಕಂಡದ್ದಕ್ಕಿಂತ ಆ ನೋಟವೇ ಜಾಸ್ತಿ ಭಯ ಹುಟ್ಟಿಸುತ್ತದೆ, ಅಲ್ವಾ? ಇಲ್ಲಿ ನೋಡಿದವರು ಒಂಟಿ. ನನ್ನನ್ನು ಎಳೆಯುವುದು ಆ ಒಂಟಿತನ.

ಡ್ರಾಕುಲಾ ಅಂದರೆ ನಮಗೆಲ್ಲ ಹಳೇ ಕೋಟೆ, ಜೇಡರ ಬಲೆ ನೆನಪಾಗುತ್ತದೆ. ಆದರೆ 1897ರಲ್ಲಿ ಬ್ರಾಮ್ ಸ್ಟೋಕರ್ ಆ ಕಾದಂಬರಿಯನ್ನು ಹೊರತಂದಾಗ ಅದು ಅವತ್ತಿನ ಕಾಲದ್ದೇ ಕಥೆ. ಅದರಲ್ಲಿ ನಾಯಕಿ ಮೀನಾ ಟೈಪ್‌ರೈಟರ್ ಬಳಸುತ್ತಾಳೆ. ಡಾಕ್ಟರ್ ಸೀವರ್ಡ್ ತನ್ನ ದಿನಚರಿಯನ್ನು ಫೋನೋಗ್ರಾಫಿನಲ್ಲಿ ಹೇಳಿಡುತ್ತಾನೆ. ಕೊಡಕ್ ಕ್ಯಾಮೆರಾ ಇದೆ, ಟೆಲಿಗ್ರಾಂ ಇದೆ, ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡುವುದೂ ಇದೆ. ಆ ರಕ್ತಪಿಶಾಚಿಯೇ ಸೋಫಾ ಮೇಲೆ ಒರಗಿಕೊಂಡು ಇಂಗ್ಲೆಂಡಿನ ರೈಲುಗಳ ವೇಳಾಪಟ್ಟಿ ಓದುತ್ತಿರುತ್ತಾನೆ. ಮೊದಲ ಸಲ ಓದಿದಾಗ ಆ ಸಾಲಿನಲ್ಲೇ ನಿಂತುಬಿಟ್ಟೆ. ಪುರಾತನವಾದದ್ದೊಂದು ನಮ್ಮ ರೈಲು ಹತ್ತಲು ತಯಾರಾಗುತ್ತಿದೆ.

ಅದರಲ್ಲಿ ನನಗೆ ತುಂಬ ಇಷ್ಟವಾದ ಜಾಗ ಬೇರೆ. ಡ್ರಾಕುಲಾನ ಕೋಟೆಯಿಂದ ತಪ್ಪಿಸಿಕೊಂಡು ಬಂದ ಜೊನಾಥನ್ ಹಾರ್ಕರ್ ಜ್ವರ ಬಿದ್ದು ಏಳುತ್ತಾನೆ. ತಾನು ಕಂಡದ್ದು ನಿಜವೋ, ಬುದ್ಧಿ ಕೆಟ್ಟು ಕಂಡದ್ದೋ ಅವನಿಗೇ ಗೊತ್ತಿಲ್ಲ. ಬರೆದಿಟ್ಟ ಪುಸ್ತಕವನ್ನು ತಾನು ಮದುವೆಯಾಗಲಿರುವ ಮೀನಾಳ ಕೈಗೆ ಕೊಟ್ಟು, ಅದರ ಮಾತೇ ಬೇಡ ಅನ್ನುತ್ತಾನೆ. ಆಮೇಲೆ ಸೀವರ್ಡ್‌ನ ಗುರು ವ್ಯಾನ್ ಹೆಲ್ಸಿಂಗ್ ಅದನ್ನು ಓದುತ್ತಾನೆ. ವಿಚಿತ್ರವಾಗಿದೆ, ಭಯಂಕರವಾಗಿದೆ, ಆದರೆ ನಿಜ ಎಂದು ಬರೆದು ಕಳಿಸುತ್ತಾನೆ. ಅಷ್ಟೇ, ಹಾರ್ಕರ್ ಎದ್ದು ಕೂರುತ್ತಾನೆ. ಆ ಪಿಶಾಚಿ ನಿಜವಾಗಿಯೂ ಇದೆ ಎಂದು ತಿಳಿದ ಮೇಲೆ ಅವನಿಗೆ ಅದರ ಭಯವೇ ಹೋಗುತ್ತದೆ! ಅವನನ್ನು ನೆಲಕ್ಕೆ ಕೆಡವಿದ್ದು ಪಿಶಾಚಿಯಲ್ಲ, ಅನುಮಾನ.

ಅದರ ಕೊನೆ ನಿನಗೆ ನೆನಪಿರಲಿಕ್ಕಿಲ್ಲ. ಎಲ್ಲರ ದಿನಚರಿ, ಕಾಗದಗಳನ್ನು ಮೀನಾ ಟೈಪ್ ಮಾಡಿ ಜೋಡಿಸಿರುತ್ತಾಳೆ. ಡ್ರಾಕುಲಾ ಮನೆಗೆ ನುಗ್ಗಿ ಮೂಲ ಬರಹಗಳನ್ನು ಸುಟ್ಟುಹಾಕುತ್ತಾನೆ. ಬೀರುವಿನಲ್ಲಿದ್ದ ಟೈಪ್ ಪ್ರತಿ ಮಾತ್ರ ಉಳಿಯುತ್ತದೆ. ಏಳು ವರ್ಷದ ನಂತರ ತೆಗೆದು ನೋಡಿದರೆ, ಹೊರಗಿನವರ ಮುಂದೆ ಹಿಡಿಯಲು ಸಾಕ್ಷಿ ಎನ್ನುವಂಥದ್ದು ಏನೂ ಇಲ್ಲ. ಇಷ್ಟು ಯಂತ್ರಗಳಿದ್ದೂ ಸಾಕ್ಷಿ ಇಲ್ಲ. ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಫೋಟೋ ತೋರಿಸಿದರೆ ಜನ ಮೊದಲು ಕೇಳುವುದು, ಇದನ್ನು ಯಾವ ಆ್ಯಪ್‌ನಲ್ಲಿ ಮಾಡಿದ್ದು ಅಂತ.

ಹೀಗೆ ಯಾರೂ ನಂಬದವರ ಬಾಗಿಲಿಗೆ ಬರುವ ಒಬ್ಬ ಮನುಷ್ಯನನ್ನು ಈ ಕಥೆಗಳು ಬೇಗನೇ ಕಂಡುಕೊಂಡವು. 1872ರಲ್ಲಿ ಪುಸ್ತಕವಾಗಿ ಬಂದ ಶೆರಿಡನ್ ಲೆ ಫಾನುವಿನ ಕಥೆಗಳ ಡಾಕ್ಟರ್ ಹೆಸೆಲಿಯಸ್. 1908ರಲ್ಲಿ ಆಲ್ಜರ್ನಾನ್ ಬ್ಲ್ಯಾಕ್‌ವುಡ್ ಬರೆದ ಜಾನ್ ಸೈಲೆನ್ಸ್. ಇವನೂ ಡಾಕ್ಟರೇ, ಫೀಸು ತೆಗೆದುಕೊಳ್ಳುವುದಿಲ್ಲ. ನನಗೆ ಎಲ್ಲರಿಗಿಂತ ಹತ್ತಿರದವನು ವಿಲಿಯಂ ಹೋಪ್ ಹಾಡ್ಜ್‌ಸನ್‌ನ ಕಾರ್ನಾಕಿ. 1910ರಿಂದ ಪತ್ರಿಕೆಯಲ್ಲಿ ಬಂದ ಕಥೆಗಳು. ಪೀಡೆಯಿರುವ ಮನೆಗೆ ಹೋದರೆ ಅವನು ಬಾಗಿಲಿಗೆ ಕೂದಲೆಳೆ ಕಟ್ಟುತ್ತಾನೆ. ಕಿಟಕಿಗಳಿಗೆ ಮುದ್ರೆ ಹಾಕುತ್ತಾನೆ. ಕ್ಯಾಮೆರಾ ಹೊಂದಿಸುತ್ತಾನೆ. ಕರೆಂಟಿನಲ್ಲಿ ಬೆಳಗುವ ಗಾಜಿನ ಕೊಳವೆಗಳಿಂದ ಐದು ಮೂಲೆಯ ನಕ್ಷತ್ರ ಮಾಡಿ ಅದರ ಒಳಗೆ ರಾತ್ರಿಯಿಡೀ ಕೂರುತ್ತಾನೆ. ಮಂತ್ರವೂ ಬೇಕು, ಬ್ಯಾಟರಿಯೂ ಬೇಕು.

ನೀನು ಹೇಳುವುದು ನನಗೆ ಗೊತ್ತು. ಇಂಥ ಕಥೆಗಳಿಂದ ಮೂಢನಂಬಿಕೆ ಬೆಳೆಯುತ್ತದೆ, ನೊಂದವರನ್ನು ಸುಲಿಯುವವರಿಗೆ ದಾರಿಯಾಗುತ್ತದೆ ಅಂತ. ಆ ಸಿಟ್ಟು ನನಗೂ ಇದೆ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಫಾಕ್ಸ್ ಅಕ್ಕತಂಗಿಯರು ಸತ್ತವರ ಜೊತೆ ಮಾತಾಡುತ್ತೇವೆ, ಅವರು ಟಕಟಕ ಸದ್ದಿನಲ್ಲಿ ಉತ್ತರ ಕೊಡುತ್ತಾರೆ ಎಂದರು, ಜನ ಮುಗಿಬಿದ್ದರು. 40 ವರ್ಷದ ನಂತರ ಅವರಲ್ಲೊಬ್ಬಳು, ಮಾರ್ಗರೆಟ್, ಆ ಟಕಟಕ ಸದ್ದನ್ನು ಕಾಲಿನ ಗೆಣ್ಣಿನಿಂದ ಹೇಗೆ ಮಾಡುತ್ತಿದ್ದೆವು ಎಂದು ವೇದಿಕೆಯ ಮೇಲೇ ತೋರಿಸಿದಳು. ಆದರೆ ಕಾರ್ನಾಕಿಗೆ ಇದೆಲ್ಲ ಹೊಸದಲ್ಲ. ಅವನ ಕೆಲವು ಪ್ರಕರಣಗಳು ಶುದ್ಧ ಮೋಸ. ಒಂದರಲ್ಲಿ ದೆವ್ವದ ಕೈಯಿಂದ ಹಾರಿಬಂದ ಕಠಾರಿ, ಹುಡುಕಿ ನೋಡಿದರೆ ಹಳೆಯ ಯಂತ್ರದ ಕೆಲಸ. ಹುಡುಕದೆ ಹಾಗೆ ಹೇಳುವ ಜಾಯಮಾನ ಅವನದಲ್ಲ. ಬಂದವರ ಮಾತನ್ನು ಪೂರ್ತಿ ಕೇಳುತ್ತಾನೆ, ಆಮೇಲೆ ಕೂದಲೆಳೆ ಕಟ್ಟುತ್ತಾನೆ.

ಇಲ್ಲಿ ನನಗೆ ನಮ್ಮ ಹಾಸ್ಟೆಲ್ ನೆನಪಾಯಿತು. ಎರಡನೇ ವರ್ಷ, ಬೀಗ ಹಾಕಿದ್ದ ಮೇಲಿನ ಕೋಣೆಯಲ್ಲಿ ರಾತ್ರಿ ಯಾರೋ ನಡೆದಾಡುವ ಸದ್ದು ಕೇಳುತ್ತಿದ್ದೆನಲ್ಲ. ಹೇಳಿಕೊಂಡಲ್ಲೆಲ್ಲ ನಗು, ಇಲ್ಲವೇ "ಪರೀಕ್ಷೆ ಭಯ, ಚೆನ್ನಾಗಿ ನಿದ್ದೆ ಮಾಡು" ಎಂಬ ಮಾತು. ಮೂರು ವಾರ ನಾನು ಸರಿಯಾಗಿ ಮಲಗಿರಲಿಲ್ಲ. ನೀನೊಬ್ಬನೇ ನಗಲಿಲ್ಲ. "ಎಷ್ಟು ಹೊತ್ತಿಗೆ? ಎಷ್ಟು ಹೆಜ್ಜೆ? ಯಾವ ಮೂಲೆಯಿಂದ?" ಎಂದು ಕೇಳಿದೆ. ಆ ರಾತ್ರಿ ನನ್ನ ಜೊತೆ ಎಚ್ಚರ ಕೂತೆ. ಸದ್ದು ಬಂದಾಗ ಟಾರ್ಚ್ ಹಿಡಿದು ಮೊದಲು ಮೆಟ್ಟಿಲು ಹತ್ತಿದವನು ನೀನು. ಟ್ಯಾಂಕಿಗೆ ನೀರು ಬಿಟ್ಟಾಗ ಪೈಪು ಗೋಡೆಗೆ ಬಡಿಯುತ್ತಿತ್ತು, ಅಷ್ಟೇ. ಆದರೆ ನಿಜ ಹೇಳುತ್ತೇನೆ, ನನಗೆ ಸಮಾಧಾನ ಸಿಕ್ಕಿದ್ದು ಪೈಪು ನೋಡಿದಾಗ ಅಲ್ಲ. "ಎಷ್ಟು ಹೆಜ್ಜೆ?" ಎಂದು ನೀನು ಕೇಳಿದಾಗಲೇ ನನ್ನ ಅರ್ಧ ಭಯ ಇಳಿದಿತ್ತು. ಈ ಕಾದಂಬರಿಗಳಲ್ಲಿ ನಾನು ಹುಡುಕುವುದು ಆ ಪ್ರಶ್ನೆಯನ್ನು.

2011ರಲ್ಲಿ ಬಂದ ಬೆನ್ ಆರೊನೊವಿಚ್‌ನ ಲಂಡನ್ ಕಾದಂಬರಿ ಇದೇ ಪ್ರಶ್ನೆಯಿಂದ ಶುರುವಾಗುತ್ತದೆ. ಕೊಲೆ ನಡೆದ ಜಾಗವನ್ನು ಕಾಯುತ್ತಿರುವ ಹೊಸ ಪೊಲೀಸನೊಬ್ಬನಿಗೆ ಸಾಕ್ಷಿ ಸಿಗುತ್ತಾನೆ. ಆ ಸಾಕ್ಷಿ ಸತ್ತು ಎಷ್ಟೋ ಕಾಲವಾಗಿದೆ. ಆ ಹುಡುಗ ಓಡುವುದಿಲ್ಲ, ಹೇಳಿಕೆ ತೆಗೆದುಕೊಳ್ಳುತ್ತಾನೆ. ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಫ್ರಿಟ್ಸ್ ಲೈಬರ್ 1943ರಲ್ಲೇ ಬರೆದಿದ್ದ. ಆ ಕಾದಂಬರಿಯಲ್ಲೊಬ್ಬ ಸಮಾಜಶಾಸ್ತ್ರದ ಪ್ರೊಫೆಸರ್. ಹೆಂಡತಿ ಗುಟ್ಟಾಗಿ ಮಾಟ ಮಾಡುತ್ತಾಳೆ ಎಂದು ಗೊತ್ತಾಗುತ್ತದೆ. ಇದೆಲ್ಲ ಹುಚ್ಚು ಎಂದು ಹೇಳಿ ಅವಳು ಮಾಡಿಟ್ಟ ರಕ್ಷೆಗಳನ್ನೆಲ್ಲ ಸುಡಿಸುತ್ತಾನೆ. ಇಷ್ಟು ದಿನ ತನ್ನನ್ನು ಕಾಪಾಡಿದ್ದು ಅವೇ ಎಂದು ಆಮೇಲೆ ಒಂದೊಂದಾಗಿ ತಿಳಿಯುತ್ತದೆ. ಓದುವಾಗ ಅವನ ಮೇಲೆ ಸಿಟ್ಟು ಬರುತ್ತದೆ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬ ಸಂಕಟವೂ ಆಗುತ್ತದೆ.

ಈ ಬಗೆಯಲ್ಲಿ ಕೆಟ್ಟ ಪುಸ್ತಕಗಳೂ ಬೇಕಾದಷ್ಟಿವೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದ. ಅತಿಮಾನುಷ ಶಕ್ತಿಗೆ ಪ್ರವೇಶವಿಲ್ಲ ಅನ್ನುವುದು ಅದರಲ್ಲೊಂದು. ಬರೆದವನು ಪಾದ್ರಿ! ಅವನ ಭಯ ಸರಿಯಾದದ್ದೇ. ಕೊನೆಯ ಅಧ್ಯಾಯದಲ್ಲಿ ನಾಯಕ ಎಲ್ಲೂ ಕೇಳದ ಮಂತ್ರವೊಂದನ್ನು ಹೇಳಿ ಗೆದ್ದರೆ, ಅಲ್ಲಿಯವರೆಗೆ ಸುಳಿವು ಹುಡುಕುತ್ತ ಬಂದ ನಮಗೆ ಮೋಸವಾದಂತೆ. ಮಾಟಕ್ಕೂ ಕಟ್ಟಳೆ ಬೇಕು. ಏನು ಮಾಡಬಹುದು, ಅದಕ್ಕೆ ಏನು ತೆರಬೇಕು ಅನ್ನುವುದು ನಮಗೆ ಮೊದಲೇ ಗೊತ್ತಿರಬೇಕು. ಹಾಗಿದ್ದರೆ ಮುಚ್ಚಿದ ಕೋಣೆಯ ಕೊಲೆಯನ್ನು ಪ್ರೇತವೇ ಮಾಡಿರಲಿ, ನಾವೂ ಕೂತು ಬಿಡಿಸಬಹುದು.

ನೀನು ಒಂದೇ ಒಂದು ಓದುವುದಾದರೆ ಕಾರ್ನಾಕಿಯ ಕುದುರೆ ಕಥೆ ಓದು. ಕಾಣದ ಕುದುರೆಯೊಂದು ಮನೆಯ ಹುಡುಗಿಯನ್ನು ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಮೋಸಗಾರ ಸಿಕ್ಕಿಬೀಳುತ್ತಾನೆ, ವೇಷ ಕಳಚುತ್ತದೆ. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಗೊರಸಿನ ಸದ್ದು ಕೇಳುತ್ತದೆ. ಆಗ ಆ ಮೋಸಗಾರ ಏನು ಮಾಡುತ್ತಾನೆ ಎಂದು ನಾನು ಹೇಳುವುದಿಲ್ಲ. ಮೊದಲು ಕೇಳಿದ ಸದ್ದುಗಳಲ್ಲಿ ಅವನು ಮಾಡಿದ್ದೆಷ್ಟು, ಉಳಿದದ್ದೆಷ್ಟು ಎಂದು ನಾನು ಮೂರು ಸಲ ಓದಿ ಲೆಕ್ಕ ಹಾಕಿದೆ. ಪ್ರತಿ ಸಲ ಬೇರೆ ಉತ್ತರ ಬಂತು. ನೀನೂ ಲೆಕ್ಕ ಹಾಕಿ ಬರೆ. ನಿನ್ನ ಕಾಗದಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿನ್ನ,
ಕೆಳಗಿನ ಕೋಣೆಯವನು